ಲೆಕ್ಕದ ಮೇಷ್ಟ್ರನ್ನು ಬೆಳೆಸುವ ಖರ್ಚು ಯಾರದ್ದು?

ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಡೆಯುವ ನಾಟಕ ಇದು. ಶಾಲೆಯ ಬಾಗಿಲು ತೆರೆಯುತ್ತದೆ, ತಳಿರು ತೋರಣ ಕಟ್ಟುತ್ತಾರೆ, ಬಿಸಿಯೂಟದ ಒಲೆ ಹತ್ತುತ್ತದೆ, ಮಕ್ಕಳೂ ಬರುತ್ತಾರೆ. ಲೆಕ್ಕದ ಮೇಷ್ಟ್ರು ಮಾತ್ರ ಬರುವುದಿಲ್ಲ. ವಿಜ್ಞಾನದ ಮೇಡಂ ಬರುವುದಿಲ್ಲ. ಇಂಗ್ಲಿಷಿಗೆ ಯಾರು ಅಂತ ಕೇಳಿದರೆ "ಸದ್ಯಕ್ಕೆ ಅಡ್ಜಸ್ಟ್ ಮಾಡ್ಕೊಳ್ಳಿ" ಎಂಬ ಉತ್ತರ. ಆಮೇಲೆ ಅತಿಥಿ ಶಿಕ್ಷಕರ ಅರ್ಜಿ, ಮೆರಿಟ್ ಪಟ್ಟಿ, ಮೇಲಿನವರ ಮಂಜೂರಾತಿ ಎಂದು ಓಡಾಡುವ ಹೊತ್ತಿಗೆ ಮೊದಲ ಕಿರುಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ.

ಪಾವಗಡದ ಗಡಿ ಹಳ್ಳಿಯಿಂದ ಹಿಡಿದು ಕುಣಿಗಲ್‌ವರೆಗೆ ನಮ್ಮ ತುಮಕೂರು ಜಿಲ್ಲೆಯಲ್ಲಿ ಈ ಕತೆ ಕೇಳದ ಪೋಷಕರು ಕಡಿಮೆ. ಕನ್ನಡದ ಮೇಷ್ಟ್ರೇ ಬೀಜಗಣಿತಕ್ಕೂ ಚಾಕ್‌ಪೀಸ್ ಹಿಡಿಯಬೇಕು. ಅವರ ತಪ್ಪೇನೂ ಇಲ್ಲ. ಪಾಪ, ರಾತ್ರಿ ಗೈಡು ನೋಡಿಕೊಂಡು ಬಂದು ಬೆಳಿಗ್ಗೆ ಹೇಳುತ್ತಾರೆ. ಆದರೆ ಹೊಲಿಗೆಯವನ ಕೈಯಲ್ಲಿ ಗಡಿಯಾರ ರಿಪೇರಿ ಮಾಡಿಸುತ್ತೀರಾ ನೀವು?

ಕಾನೂನು ಏನು ಹೇಳುತ್ತದೆ ಅಂತ ನೋಡೋಣ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ 6ರಿಂದ 8ನೇ ತರಗತಿವರೆಗೆ ಪ್ರತಿ ತರಗತಿಗೂ ಒಬ್ಬ ಶಿಕ್ಷಕರಿರಬೇಕು. ಅವರಲ್ಲಿ ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. ಈ ಕಾಯಿದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಕಾಯಿದೆ ಮಾಡುವುದು ಸುಲಭ. ಮೇಷ್ಟ್ರನ್ನು ಮಾಡುವುದಕ್ಕೆ ಕಾಲ ಬೇಕು, ಕಾಸು ಬೇಕು.

ಎಸ್.ಎಸ್.ಎಲ್.ಸಿ. ಫಲಿತಾಂಶ ಜ್ಞಾಪಿಸಿಕೊಳ್ಳಿ. 2023ರಲ್ಲಿ ರಾಜ್ಯದಲ್ಲಿ ನೂರಕ್ಕೆ 83.89 ಮಂದಿ ಪಾಸು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದರು, ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಧಾರಾಳವಾಗಿ ಹಂಚಿದ ಮೇಲೆ! 2025ರ ಮೊದಲ ಪರೀಕ್ಷೆಯಲ್ಲಿ 66.14. ಎಲ್ಲಾ ಹೊಣೆಯನ್ನೂ ಶಿಕ್ಷಕರ ಕೊರತೆಯ ತಲೆಗೇ ಕಟ್ಟಲು ನಾವು ತಯಾರಿಲ್ಲ. ಆದರೆ ಎಂಟನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರಿಲ್ಲದ ಹುಡುಗ ಹತ್ತನೇ ಕ್ಲಾಸಿನಲ್ಲಿ ಕ್ಯಾಮೆರಾ ಮುಂದೆ ಕೂತು ಏನು ಬರೆದಾನು?

"ಬಿ.ಎಡ್. ಮಾಡಿದವರು ಬೀದಿಗೊಬ್ಬರಿದ್ದಾರಲ್ಲ, ಕೊರತೆ ಎಲ್ಲಿಯದು?" ಅಂತ ಕೇಳುವವರಿದ್ದಾರೆ. ಸಹಜವಾದ ಪ್ರಶ್ನೆಯೇ. ಆದರೆ ಅಂಗಡಿಯಲ್ಲಿ ಅಕ್ಕಿ ಮೂಟೆ ಮೂಟೆ ಬಿದ್ದಿದ್ದರೆ ಬೇಳೆಯ ಕೊರತೆ ನೀಗುತ್ತದೆಯೇ? ಕಲಾ ವಿಭಾಗದಲ್ಲಿ ಬಿ.ಎಡ್. ಮುಗಿಸಿ ಕೆಲಸಕ್ಕಾಗಿ ಕಾದು ಕೂತವರು ಬಹಳ ಮಂದಿ, ನಿಜ. ಪಿ.ಸಿ.ಎಂ., ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ, ಬಿ.ಎಡ್. ಮಾಡಿ, ಟಿ.ಇ.ಟಿ. ಪಾಸಾಗಿ, ನೇಮಕಾತಿ ಪರೀಕ್ಷೆಯಲ್ಲೂ ಗೆದ್ದು ಬರುವವರ ಸಾಲು ಅಷ್ಟುದ್ದ ಇಲ್ಲ. 2019ರಲ್ಲಿ 6ರಿಂದ 8ನೇ ತರಗತಿಗೆಂದು ಪದವೀಧರ ಶಿಕ್ಷಕರ 10 ಸಾವಿರಕ್ಕೂ ಹೆಚ್ಚು ಹುದ್ದೆಗೆ ನೇಮಕಾತಿ ನಡೆಸಿದರು. ಅರ್ಧದಷ್ಟೂ ತುಂಬಲಿಲ್ಲ. ಅರ್ಜಿ ಹಾಕಿದವರಿಗೆ ಬರ ಇರಲಿಲ್ಲ. ವಿಷಯದ ಪತ್ರಿಕೆಯಲ್ಲಿ ಬೇಕಾದಷ್ಟು ಅಂಕ ತೆಗೆದವರಿಗೆ ಬರ. 2022ರಲ್ಲಿ ಮತ್ತೆ 15,000 ಹುದ್ದೆಗೆ ಕರೆದರು, ಅದರಲ್ಲಿ 5,000 ಕಲ್ಯಾಣ ಕರ್ನಾಟಕಕ್ಕೆ. ಆಯ್ಕೆ ಪಟ್ಟಿ ಬಂದಾಗ 13 ಸಾವಿರದ ಚಿಲ್ಲರೆ ಹೆಸರು. ಆ ಪಟ್ಟಿಯೂ ಕೋರ್ಟಿಗೆ ಹೋಗಿ ಬರಬೇಕಾಯಿತು.

ಹಾಗಾದರೆ ಲೆಕ್ಕ ಚೆನ್ನಾಗಿ ಬರುವ ಹುಡುಗ ಹುಡುಗಿಯರು ಎಲ್ಲಿಗೆ ಹೋಗುತ್ತಿದ್ದಾರೆ? ಬೆಳಗಿನ ಜಾವ ನಮ್ಮ ಬಸ್‌ಸ್ಟ್ಯಾಂಡಿಗೋ ರೈಲ್ವೆ ಸ್ಟೇಷನ್ನಿಗೋ ಬನ್ನಿ, ಉತ್ತರ ಕಣ್ಣೆದುರೇ ನಿಂತಿರುತ್ತದೆ. ಬೆನ್ನಿಗೆ ಬ್ಯಾಗು, ಕೊರಳಿಗೆ ಕಂಪನಿಯ ಗುರುತಿನ ಚೀಟಿ. ಬೆಂಗಳೂರು ಎಪ್ಪತ್ತು ಕಿಲೋಮೀಟರ್ ದೂರದಲ್ಲಿದೆ, ವಸಂತನರಸಾಪುರದ ಕೈಗಾರಿಕಾ ಪ್ರದೇಶ ಮಗ್ಗುಲಲ್ಲೇ ಇದೆ. ಬಿ.ಎಸ್ಸಿ. ಮುಗಿಸಿದ ಮಾರನೇ ತಿಂಗಳೇ ಕೈಗೆ ಸಂಬಳ. ಈ ಮಕ್ಕಳನ್ನು ಬೈಯುವ ಹಕ್ಕು ನಮಗಿಲ್ಲ. ಮನೆಯಲ್ಲಿ ತಂಗಿ ಓದಬೇಕು, ಕೊಳವೆ ಬಾವಿಯ ಸಾಲ ತೀರಬೇಕು.

ಗಲ್ಲಾದ ಹಿಂದೆ ಕೂತಿರುವ ನಮ್ಮ ಅಣ್ಣಂದಿರಿಗೆ ಈ ಲೆಕ್ಕ ಬೇಗ ಅರ್ಥವಾಗುತ್ತದೆ. ಮೊದಲು ಬಿ.ಎಡ್. ಒಂದು ವರ್ಷದ ಓದಾಗಿತ್ತು. 2015ರಿಂದ ಎರಡು ವರ್ಷ. ಫೀಜು, ಪುಸ್ತಕ, ಹಾಸ್ಟೆಲ್ಲು ಎಲ್ಲರಿಗೂ ಕಾಣುವ ಖರ್ಚು. ಕಾಣದ ಖರ್ಚು ಬೇರೆ ಇದೆ. ಬಿ.ಎಸ್ಸಿ. ಓದಿದ ಹುಡುಗಿ ಎಲ್ಲೋ ಒಂದು ಕಡೆ ಸೇರಿ ತಿಂಗಳಿಗೆ 15 ಸಾವಿರ ದುಡಿಯುತ್ತಾಳೆ ಎಂದೇ ಹಿಡಿಯಿರಿ. 24 ತಿಂಗಳಿಗೆ 3 ಲಕ್ಷದ 60 ಸಾವಿರ ಆಯಿತು. ಬಿ.ಎಡ್. ಸೇರಿದರೆ ಅಷ್ಟೂ ಹಣ ಮನೆಗೆ ಬರುವುದಿಲ್ಲ. ಅದರ ಮೇಲೆ ಫೀಜು ಕೈಯಿಂದ ಹೋಗುತ್ತದೆ. ಓದು ಮುಗಿದ ಮೇಲಾದರೂ ಕೆಲಸ ಖಾತ್ರಿಯೇ? ನೇಮಕಾತಿ ಯಾವ ವರ್ಷ ಕರೆಯುತ್ತಾರೋ ದೇವರಿಗೇ ಗೊತ್ತು. ಅಲ್ಲಿಯವರೆಗೆ ಅತಿಥಿ ಶಿಕ್ಷಕಿ. 2025-26ರ ಬಜೆಟ್ಟಿನಲ್ಲಿ 2,000 ರೂಪಾಯಿ ಏರಿಸಿದ ಮೇಲೂ ಹೈಸ್ಕೂಲಿನ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,500, ಪ್ರಾಥಮಿಕ ಶಾಲೆಯವರಿಗೆ 12,000. ಅದೂ ಶಾಲೆ ನಡೆಯುವ ತಿಂಗಳಿಗೆ ಮಾತ್ರ. ಈ ವ್ಯಾಪಾರಕ್ಕೆ ನೀವು ಬಂಡವಾಳ ಹಾಕುತ್ತೀರಾ? ನಾವಂತೂ ಹಾಕುವುದಿಲ್ಲ.

ಇನ್ನೊಂದು ತಮಾಷೆ ಕೇಳಿ. ಸರಕಾರದ ಯುವನಿಧಿ ಯೋಜನೆಯಲ್ಲಿ ಪದವಿ ಮುಗಿಸಿ ಆರು ತಿಂಗಳಾದರೂ ಕೆಲಸ ಸಿಗದವರಿಗೆ ತಿಂಗಳಿಗೆ 3,000 ರೂಪಾಯಿಯಂತೆ ಎರಡು ವರ್ಷ ಭತ್ಯೆ. ಒಳ್ಳೆಯದೇ, ಬೇಡ ಎನ್ನುವವರು ನಾವಲ್ಲ. ಆದರೆ ಮುಂದೆ ಓದಲು ಹೋದವರಿಗೆ ಇದು ಸಿಗುವುದಿಲ್ಲ. ಅಂದರೆ ಏನಾಯಿತು? ಗಣಿತ ಓದಿದ ಹುಡುಗಿ ಕೆಲಸವಿಲ್ಲದೆ ಮನೆಯಲ್ಲಿ ಕೂತರೆ ಎರಡು ವರ್ಷಕ್ಕೆ 72 ಸಾವಿರ. ಅದೇ ಹುಡುಗಿ, ಸರಕಾರಕ್ಕೇ ಬೇಕಾದ ಮೇಷ್ಟ್ರಗಿರಿ ಕಲಿಯಲು ಬಿ.ಎಡ್. ಕಾಲೇಜಿಗೆ ಹೋದರೆ ಆ ಬಾಬ್ತಿನಿಂದ ಸೊನ್ನೆ. ಒಂದು ಕೈಯಲ್ಲಿ ಮೇಷ್ಟ್ರಿಲ್ಲ ಎಂದು ಎದೆ ಬಡಿದುಕೊಳ್ಳುವ ಸರಕಾರ ಇನ್ನೊಂದು ಕೈಯಲ್ಲಿ ಈ ನಿಯಮ ಬರೆದಿದೆ. ಬರೆದವರು ಬೇಕೆಂದು ಮಾಡಿದ್ದಲ್ಲ. ಒಂದು ಇಲಾಖೆಯ ಕಡತ ಇನ್ನೊಂದು ಇಲಾಖೆಯ ಮೇಜಿಗೆ ಹೋಗುವುದಿಲ್ಲ, ಅಷ್ಟೇ.

ವಿದ್ಯಾರ್ಥಿವೇತನಗಳೇ ಇಲ್ಲ ಅಂತಲ್ಲ. ಪರಿಶಿಷ್ಟರಿಗೆ, ಹಿಂದುಳಿದವರಿಗೆ, ಅಲ್ಪಸಂಖ್ಯಾತರಿಗೆ ಇವೆ. ವಿದ್ಯಾಸಿರಿ ಇದೆ. ಅವು ಇರಲೇಬೇಕು, ಹೆಚ್ಚಲೂ ಬೇಕು. ಆದರೆ ಅವೆಲ್ಲ ಜಾತಿ, ವರಮಾನ ನೋಡಿ ಕೊಡುವಂಥವು. ಯಾವ ವಿಷಯಕ್ಕೆ ಶಿಕ್ಷಕರಿಲ್ಲವೋ ಆ ವಿಷಯ ಓದಿದವರನ್ನು ಶಾಲೆಯ ಕಡೆಗೆ ಎಳೆದು ತರುವ ಕೆಲಸ ಅವುಗಳದ್ದಲ್ಲ. ಹೆಣ್ಣುಮಕ್ಕಳ ಬಸ್ ಚಾರ್ಜು 2023ರ ಜೂನ್‌ನಿಂದ ಶಕ್ತಿ ಯೋಜನೆ ನೋಡಿಕೊಳ್ಳುತ್ತಿದೆ. ಮಧುಗಿರಿಯಿಂದಲೋ ಶಿರಾದಿಂದಲೋ ತುಮಕೂರಿಗೆ ಬಂದು ಬಿ.ಎಡ್. ಓದುವವಳಿಗೆ ಅದು ಸಣ್ಣ ಸಹಾಯವೇನಲ್ಲ. ಬಸ್ಸಿನ ಖರ್ಚು ಉಳಿಯಿತು. ಹೊಟ್ಟೆ ಬಟ್ಟೆಯ ಖರ್ಚು?

ನಮ್ಮ ಸಲಹೆ ಇಷ್ಟು. ಪ್ರತಿ ತಾಲ್ಲೂಕಿನಿಂದ, ಕೊರತೆ ಇರುವ ವಿಷಯದಲ್ಲಿ ಪದವಿ ಮುಗಿಸಿದ ಹತ್ತು ಮಂದಿಯನ್ನು ಅಂಕದ ಮೇಲೆ ಆರಿಸಿ. ಬಿ.ಎಡ್. ಓದುವ 24 ತಿಂಗಳೂ ತಿಂಗಳಿಗೆ 8,000 ರೂಪಾಯಿ ಕೊಡಿ. ಒಬ್ಬರಿಗೆ 1 ಲಕ್ಷದ 92 ಸಾವಿರ. ನಮ್ಮ ಜಿಲ್ಲೆಯ ಹತ್ತು ತಾಲ್ಲೂಕಿಗೆ ನೂರು ಮಂದಿ. ಒಂದು ತಂಡಕ್ಕೆ 1 ಕೋಟಿ 92 ಲಕ್ಷ, ಅದೂ ಎರಡು ವರ್ಷಕ್ಕೆ ಹರಡಿ. ದೊಡ್ಡ ಮೊತ್ತ ಅನ್ನಿಸುತ್ತದೆಯೇ? ಹೈಸ್ಕೂಲಿನ ಒಬ್ಬ ಅತಿಥಿ ಶಿಕ್ಷಕರಿಗೆ ಹತ್ತು ತಿಂಗಳಿಗೆ 1 ಲಕ್ಷದ 25 ಸಾವಿರ ಈಗಲೇ ಹೋಗುತ್ತಿದೆ. ಅದು ವರ್ಷ ವರ್ಷವೂ ಕಟ್ಟುವ ಬಾಡಿಗೆ. ಯುವನಿಧಿಯ 3,000ವನ್ನು ಇವರಿಗೂ ಕೊಡಲು ಒಪ್ಪಿದರೆ ಹೊಸದಾಗಿ ಹುಡುಕಬೇಕಾದ್ದು ತಿಂಗಳಿಗೆ 5,000 ಮಾತ್ರ.

ಹಣ ಹಾಜರಿಗೆ ಕಟ್ಟಿರಬೇಕು. ಕಾಲೇಜಿನ ಮುಖವನ್ನೇ ನೋಡದೆ ಬಿ.ಎಡ್. ಸರ್ಟಿಫಿಕೇಟ್ ಪಡೆಯುವ ದಂಧೆ ಎಲ್ಲರಿಗೂ ಗೊತ್ತಿರುವುದೇ. ಅಂಥವರಿಗೆ ಒಂದು ದುಗ್ಗಾಣಿಯೂ ಬೇಡ. ಅಭ್ಯಾಸ ಪಾಠ ಹೇಳುವ ತಿಂಗಳುಗಳನ್ನು ತಮ್ಮದೇ ತಾಲ್ಲೂಕಿನ ಸರಕಾರಿ ಶಾಲೆಯಲ್ಲಿ ಕಳೆಯಲಿ. ಊರಿನವರೂ ನೋಡಲಿ, ಮಕ್ಕಳೂ ನೋಡಲಿ.

ಈಗ ಮುಖ್ಯ ಮಾತಿಗೆ ಬರೋಣ. ಸರಕಾರ ಹಣ ಕೊಟ್ಟರೆ ಬಾಂಡು ಬರೆಸಿಕೊಳ್ಳದೆ ಬಿಡುತ್ತದೆಯೇ? "ಇಷ್ಟು ವರ್ಷ ಹಳ್ಳಿ ಶಾಲೆಯಲ್ಲಿ ಪಾಠ ಹೇಳುತ್ತೇನೆ, ತಪ್ಪಿದರೆ ಹಣ ವಾಪಸ್" ಎಂದು ಸಹಿ ಹಾಕಿಸಿಕೊಳ್ಳುತ್ತಾರೆ. ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಇದನ್ನು ಮೊದಲೇ ಮಾಡಿ ಕೈ ಸುಟ್ಟುಕೊಂಡ ದೇಶವೊಂದಿದೆ. ಅದು ಬೇರಾವುದೂ ಅಲ್ಲ, ಅಮೆರಿಕ.

ಅಲ್ಲಿ 2007ರಲ್ಲಿ ಕಾನೂನು ಮಾಡಿ 'ಟೀಚ್ ಗ್ರಾಂಟ್' ಎಂಬ ಸಹಾಯಧನ ತಂದರು. ಶಿಕ್ಷಕರಾಗಲು ಓದುವವರಿಗೆ ವರ್ಷಕ್ಕೆ 4,000 ಡಾಲರ್‌ವರೆಗೆ. ಷರತ್ತು ಏನೆಂದರೆ, ಓದು ಮುಗಿದ ಎಂಟು ವರ್ಷದೊಳಗೆ ನಾಲ್ಕು ವರ್ಷ ಬಡಮಕ್ಕಳ ಶಾಲೆಯಲ್ಲಿ, ಗಣಿತ, ವಿಜ್ಞಾನದಂಥ ಕೊರತೆ ಇರುವ ವಿಷಯವನ್ನೇ ಕಲಿಸಬೇಕು. ಕಲಿಸದಿದ್ದರೆ ಸಹಾಯಧನವೇ ಸಾಲವಾಗಿ ತಿರುಗುತ್ತದೆ. ಬಡ್ಡಿ ಯಾವತ್ತಿನಿಂದ? ಹಣ ಕೊಟ್ಟ ದಿನದಿಂದ! ನಮ್ಮ ಊರಿನ ಮೀಟರ್ ಬಡ್ಡಿಯವರೂ ಇಂಥ ಬರಹ ಬರೆಸಿಕೊಳ್ಳುವುದಕ್ಕೆ ಒಂದು ಗಳಿಗೆ ಯೋಚಿಸುತ್ತಾರೆ.

ಆದದ್ದೇನು ಗೊತ್ತೇ? ಹೇಳಿದ ಶಾಲೆಯಲ್ಲೇ, ಹೇಳಿದ ಪಾಠವನ್ನೇ ಹೇಳುತ್ತಿದ್ದ ಎಷ್ಟೋ ಮಂದಿ ಶಿಕ್ಷಕರ ಸಹಾಯಧನ ಸಾಲವಾಗಿ ಹೋಯಿತು. ಕಾರಣ, ವರ್ಷಕ್ಕೊಮ್ಮೆ ಕಳಿಸಬೇಕಾದ ನಮೂನೆ ತಡವಾಯಿತು, ಇಲ್ಲವೇ ಅದರಲ್ಲಿ ಒಂದು ಸಹಿ, ಒಂದು ತಾರೀಖು ಬಿಟ್ಟುಹೋಗಿತ್ತು. ಒಮ್ಮೆ ಸಾಲವಾದರೆ ಮುಗಿಯಿತು, ವಾಪಸ್ ತಿರುಗಿಸುವ ದಾರಿ ಇಲ್ಲ. 2018ರಲ್ಲಿ ಅಲ್ಲಿನ ಸಾರ್ವಜನಿಕ ರೇಡಿಯೋದವರು ಇದನ್ನು ಬಯಲಿಗೆಳೆದರು. ಸಹಾಯಧನ ಪಡೆದು ಓದು ಮುಗಿಸಿದ ಹಳಬರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಹಣ ಸಾಲವಾಗಿದೆ ಎಂದು ಸರಕಾರದ ಅಧ್ಯಯನವೇ ಹೇಳಿತು. ಅವರಲ್ಲಿ ಕೆಲವರು ನಿಜಕ್ಕೂ ಮೇಷ್ಟ್ರಗಿರಿ ಬಿಟ್ಟವರು, ಕೆಲವರು ಕಾಗದದ ಗುಂಡಿಗೆ ಬಿದ್ದವರು. ಗದ್ದಲವಾಗಿ ಅದೇ ವರ್ಷದ ಡಿಸೆಂಬರಿನಲ್ಲಿ ಶಿಕ್ಷಣ ಇಲಾಖೆ ತಿದ್ದಿಕೊಳ್ಳಲು ಒಪ್ಪಿತು. ಷರತ್ತು ಪಾಲಿಸಿದವರ ಸಾಲವನ್ನು ಮತ್ತೆ ಸಹಾಯಧನ ಮಾಡುವ ದಾರಿ ತೆರೆಯಿತು.

ಇಂಗ್ಲೆಂಡಿನ ದಾರಿ ಬೇರೆ. ಅಲ್ಲಿ 2025-26ರಲ್ಲಿ ಭೌತಶಾಸ್ತ್ರ, ಗಣಿತ, ರಸಾಯನಶಾಸ್ತ್ರ, ಕಂಪ್ಯೂಟರ್ ವಿಷಯದಲ್ಲಿ ಶಿಕ್ಷಕರ ತರಬೇತಿಗೆ ಸೇರಿದವರಿಗೆ 29 ಸಾವಿರ ಪೌಂಡ್ ಕೊಡುತ್ತಾರೆ. ಬಾಂಡಿಲ್ಲ, ತಿರುಗಿ ಕೊಡುವ ಹಂಗಿಲ್ಲ. ತರಬೇತಿ ಮುಗಿಸಿ ಶಾಲೆಗೆ ಬರದಿದ್ದರೂ ಯಾರೂ ಹಿಂದೆ ಬೀಳುವುದಿಲ್ಲ. ಇಷ್ಟು ಸುರಿದ ಹಣಕ್ಕೆ ಶಾಲೆಯಲ್ಲಿ ಎಷ್ಟು ಮಂದಿ ಉಳಿದರು ಎಂಬುದನ್ನೇ ಇಲಾಖೆ ಸರಿಯಾಗಿ ಪರೀಕ್ಷಿಸಿಲ್ಲ ಎಂದು ಅಲ್ಲಿನ ಲೆಕ್ಕ ತಪಾಸಣಾ ಸಂಸ್ಥೆ 2016ರಲ್ಲಿ ತಕರಾರು ತೆಗೆಯಿತು. ಅಷ್ಟು ಧಾರಾಳ ನಮ್ಮ ಖಜಾನೆಗೆ ಎಟುಕುವುದಿಲ್ಲ ಬಿಡಿ. ಬಾಂಡು ಇರಲಿ ಎನ್ನುವವರೇ ನಾವು. ಆದರೆ ಬಾಂಡಿಗೆ ಎರಡು ಸಹಿ ಬೇಕು, ಹುಡುಗಿಯದೊಂದು, ಸರಕಾರದ್ದೊಂದು.

ಯಾಕೆ ಈ ಮಾತು ಹೇಳುತ್ತೇವೆಂದರೆ, ನಮ್ಮಲ್ಲಿ ನೇಮಕಾತಿಯ ಗಾಡಿ ವೇಳಾಪಟ್ಟಿ ಇಲ್ಲದ ಖಾಸಗಿ ಬಸ್ಸಿನಂತೆ. ತುಂಬಿದರೆ ಹೊರಟಿತು, ಇಲ್ಲವಾದರೆ ನಿಂತಿತು. 2019ರ ಪರೀಕ್ಷೆ ಆದಮೇಲೆ ಮುಂದಿನದು 2022. 2024ರ ಅಕ್ಟೋಬರಿನಲ್ಲಿ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಯಾವ ಇಲಾಖೆಯೂ ಹೊಸ ನೇಮಕಾತಿಗೆ ಕರೆಯಬಾರದೆಂದು ಸಂಪುಟ ತಡೆ ಹಾಕಿತು. ಸಂಪುಟ ಒಳಮೀಸಲಾತಿಯನ್ನು ತೀರ್ಮಾನಿಸಿದ್ದು 2025ರ ಆಗಸ್ಟಿನಲ್ಲಿ. ಒಳಮೀಸಲಾತಿ ಆಗಬೇಕಾದ ನ್ಯಾಯವೇ, ಅದರ ಬಗ್ಗೆ ತಕರಾರಿಲ್ಲ. ಆದರೆ ಆ ಹೊತ್ತಿಗೆ ಬಿ.ಎಡ್. ಮುಗಿಸಿ, ನಾಲ್ಕು ವರ್ಷ ಪಾಠ ಹೇಳುತ್ತೇನೆಂದು ಬರೆದುಕೊಟ್ಟವಳು ಒಬ್ಬಳಿದ್ದಳು ಎಂದಿಟ್ಟುಕೊಳ್ಳಿ. ಅವಳ ಗಡುವಿನ ಗಡಿಯಾರ ಓಡುತ್ತಿರುತ್ತದೆ, ಹುದ್ದೆಯ ಬಾಗಿಲು ಮುಚ್ಚಿರುತ್ತದೆ. ತಪ್ಪು ಯಾರದು, ನೋಟೀಸು ಯಾರಿಗೆ?

ಡಾಕ್ಟರುಗಳ ವಿಷಯದಲ್ಲಿ ಈ ಪಾಠ ನಾವು ಕಲಿತಿರಬೇಕಿತ್ತು. ಎಂ.ಬಿ.ಬಿ.ಎಸ್. ಓದಿದವರೆಲ್ಲ ಒಂದು ವರ್ಷ ಸರಕಾರಿ ಸೇವೆ ಮಾಡಲೇಬೇಕೆಂದು ರಾಜ್ಯ 2012ರಲ್ಲಿ ಕಾಯಿದೆ ತಂದಿತು. ಅದು ಕೋರ್ಟಿನ ಮೆಟ್ಟಿಲು ಹತ್ತಿತು. ಕಡೆಗೆ, ಎಲ್ಲರಿಗೂ ಕೊಡುವಷ್ಟು ಖಾಲಿ ಹುದ್ದೆಯೇ ಇಲ್ಲವೆಂದು ಗೊತ್ತಾಗಿ 2023ರಲ್ಲಿ ತಿದ್ದುಪಡಿ ಮಾಡಬೇಕಾಯಿತು. ಕಟ್ಟುಪಾಡು ಮೊದಲು, ಹುದ್ದೆಯ ಎಣಿಕೆ ಆಮೇಲೆ! ಮೇಷ್ಟ್ರ ವಿಷಯದಲ್ಲಾದರೂ ಈ ಕ್ರಮ ತಿರುಗಿಸಿ.

ಅಂದರೆ ಬಾಂಡಿನಲ್ಲಿ ಸರಕಾರದ ಪಾಲಿಗೂ ಕೆಲವು ಸಾಲು ಬರೆಯಿರಿ. ಬಿ.ಎಡ್. ಮತ್ತು ಟಿ.ಇ.ಟಿ. ಮುಗಿಸಿದ ಆರು ತಿಂಗಳೊಳಗೆ ಅವಳ ತಾಲ್ಲೂಕಿನ ಖಾಲಿ ಜಾಗವೊಂದಕ್ಕೆ ಕೆಲಸಕ್ಕೆ ಕರೆಯಬೇಕು. ಖಾಯಂ ನೇಮಕಾತಿ ತಡವಾದರೆ ಅತಿಥಿ ಶಿಕ್ಷಕಿಯಾಗಿಯಾದರೂ ಮೊದಲ ಆದ್ಯತೆ ಕೊಡಬೇಕು, ಆ ಸೇವೆಯನ್ನೂ ಬಾಂಡಿನ ಲೆಕ್ಕಕ್ಕೆ ಹಿಡಿಯಬೇಕು. ಕರೆಯದಿದ್ದರೆ ಬಾಂಡು ತಾನಾಗಿಯೇ ರದ್ದು. ಹಾಜರಾತಿಯ ದಾಖಲೆ ಹೆಡ್‌ಮಾಸ್ಟರರ ಬಳಿ ಹೇಗೂ ಇರುತ್ತದೆ, ಅದನ್ನು ಬಿ.ಇ.ಓ. ಕಚೇರಿಯೇ ತರಿಸಿಕೊಳ್ಳಲಿ, ಹುಡುಗಿ ಕೈಯಲ್ಲಿ ನಮೂನೆ ಹಿಡಿದು ಕೌಂಟರಿನಿಂದ ಕೌಂಟರಿಗೆ ಅಲೆಯುವುದು ಬೇಡ. ಕಾಯಿಲೆ, ಬಾಣಂತನಕ್ಕೆ ಗಡುವು ಮುಂದೂಡಬೇಕು. ಇಷ್ಟಾದ ಮೇಲೂ, ಕರೆದರೂ ಬಾರದೆ ಬೇರೆ ಕಡೆ ಹೋದವರಿಂದ ಹಣ ವಸೂಲು ಮಾಡಿ, ಬಡ್ಡಿ ಇಲ್ಲದೆ, ಕಂತಿನಲ್ಲಿ. ನಾವು ಅಡ್ಡ ಬರುವುದಿಲ್ಲ.

ಇನ್ನು ಒಂದು ಆಕ್ಷೇಪ ಬಂದೇ ಬರುತ್ತದೆ. ಕನ್ನಡ, ಸಮಾಜ ಓದಿದ ಮಕ್ಕಳೇನು ಪಾಪ ಮಾಡಿದ್ದಾರೆ, ಅವರ ಮನೆಯಲ್ಲಿ ಬಡತನವಿಲ್ಲವೇ? ಇದೆ. ಅದಕ್ಕೇ ಸಾಮಾನ್ಯ ವಿದ್ಯಾರ್ಥಿವೇತನ ಹೆಚ್ಚಿಸಿ ಎಂದು ಮೇಲೆಯೇ ಹೇಳಿದ್ದೇವೆ. ಈ ಹಣ ಬಡತನಕ್ಕೆ ಕೊಡುವುದಲ್ಲ, ಖಾಲಿ ಕುರ್ಚಿಗೆ ಕೊಡುವುದು. ಯಾವ ವಿಷಯದ ಕುರ್ಚಿ ಖಾಲಿ ಎಂಬ ಪಟ್ಟಿಯನ್ನು ಪ್ರತಿ ವರ್ಷ ಹೊಸದಾಗಿ ಮಾಡಲಿ. ನಾಳೆ ಹಿಂದಿಗೋ ಕನ್ನಡಕ್ಕೋ ಮೇಷ್ಟ್ರಿಲ್ಲ ಎಂದಾದರೆ ಅವರೂ ಈ ಪಟ್ಟಿಗೆ ಬರಲಿ. ಹಾಗೆ ನೋಡಿದರೆ ಪಿ.ಯು.ಸಿ. ಮುಗಿಸಿದವರನ್ನೇ ನೇರವಾಗಿ ತೆಗೆದುಕೊಂಡು ಪದವಿ, ಬಿ.ಎಡ್. ಎರಡನ್ನೂ ನಾಲ್ಕೇ ವರ್ಷದಲ್ಲಿ ಒಟ್ಟಿಗೆ ಕಲಿಸುವ ಪದ್ಧತಿ ನಮ್ಮ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು 1963ರಲ್ಲಿ ಶುರುವಾದ ಕಾಲದ ಮಾತು. ಮೂರು ವರ್ಷದ ಪದವಿ, ಆಮೇಲೆ ಎರಡು ವರ್ಷದ ಬಿ.ಎಡ್. ಎನ್ನುವುದಕ್ಕಿಂತ ಒಂದು ವರ್ಷ ಉಳಿತಾಯ. ಅಂಥ ಸಂಸ್ಥೆಯನ್ನು ಜಿಲ್ಲೆಗೊಂದು ಮಾಡುವ ಯೋಚನೆ ಇಷ್ಟು ವರ್ಷ ಯಾರ ತಲೆಗೂ ಬರಲಿಲ್ಲವಲ್ಲ!

ಪಾವಗಡದ ತಿರುಮಣಿ ಸುತ್ತ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಎದ್ದಿದೆ. ಎಲ್ಲೆಲ್ಲಿಂದಲೋ ಜನ ನೋಡಲು ಬರುತ್ತಾರೆ. ಅದರ ಬೇಲಿಯ ಪಕ್ಕದ ಹಳ್ಳಿಯ ಮಗುವಿಗೆ ಬಿಸಿಲು ಹೇಗೆ ಕರೆಂಟಾಗುತ್ತದೆ ಎಂದು ಬೋರ್ಡಿನ ಮೇಲೆ ಬರೆದು ತೋರಿಸುವವರು ಬೇಕು. ಬೆಂಗಳೂರಿನಿಂದ ಯಾರೂ ಅಲ್ಲಿಗೆ ಹೋಗಿ ನೆಲೆಸುವುದಿಲ್ಲ. ಹೋದವರೂ 'ಸಿ' ವಲಯದ ಅವಧಿ ಮುಗಿದ ದಿನವೇ ವರ್ಗಾವಣೆ ಕೌನ್ಸೆಲಿಂಗಿಗೆ ಹೊರಡುತ್ತಾರೆ. ಅಲ್ಲಿ ಉಳಿಯುವವಳು ಅಲ್ಲಿಯ ಹುಡುಗಿಯೇ, ಅಪ್ಪ ಅಮ್ಮ, ಹೊಲ ಮನೆ ಅಲ್ಲೇ ಇರುವವಳು. ಎರಡು ವರ್ಷದ ಊಟದ ಖರ್ಚಿಗೆ ದಾರಿ ಇಲ್ಲದೆ ಅವಳು ಪೀಣ್ಯದ ಫ್ಯಾಕ್ಟರಿ ಸೇರಿದರೆ ನಷ್ಟ ಆ ಹಳ್ಳಿಗೆ.

ಜಿಲ್ಲೆಗೆ 11 ಮಂದಿ ಶಾಸಕರಿದ್ದಾರೆ. ಬಜೆಟ್ಟಿಗೆ ಮುಂಚೆ ಎಲ್ಲರೂ ಒಂದೊಂದು ಪಟ್ಟಿ ಹಿಡಿದು ವಿಧಾನಸೌಧಕ್ಕೆ ಹೋಗುತ್ತಾರೆ, ರಸ್ತೆ, ಸಮುದಾಯ ಭವನ, ಹೈಮಾಸ್ಟ್ ದೀಪ. ಈ ಸಲ ಅದರಲ್ಲಿ ಈ 1 ಕೋಟಿ 92 ಲಕ್ಷದ ಬಾಬ್ತನ್ನೂ ಬರೆದುಕೊಳ್ಳಲಿ. ತುಮಕೂರಿನ ಮತ್ತು ಮಧುಗಿರಿಯ ಡಿ.ಡಿ.ಪಿ.ಐ. ಸಾಹೇಬರು ತಮ್ಮ ತಮ್ಮ ಶೈಕ್ಷಣಿಕ ಜಿಲ್ಲೆಯಲ್ಲಿ ಯಾವ ಶಾಲೆಯಲ್ಲಿ ಯಾವ ವಿಷಯದ ಹುದ್ದೆ ಎಷ್ಟು ದಿನದಿಂದ ಖಾಲಿ ಇದೆ ಎಂಬುದನ್ನು ಪ್ರತಿ ಬಿ.ಇ.ಓ. ಕಚೇರಿಯ ನೋಟೀಸ್ ಬೋರ್ಡಿಗೆ ಹಚ್ಚಲಿ. ಪಟ್ಟಿ ಸಿಕ್ಕಿದ ದಿನವೇ ಅದನ್ನು ತಾಲ್ಲೂಕುವಾರು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.